ಯಾರು ಕೈ ಚಾಚಿದರೂ ಬರುವ ಮಗು

ಮತ್ತೊಂದು ಬರ್ತ್‌ಡೇ ಫೋಟೊ ನೋಡಿದೆ. ಹೆತ್ತವರು ಬಿಟ್ಟುಹೋದ ಮಕ್ಕಳನ್ನ ಇಟ್ಟುಕೊಳ್ಳೋ ಶಿಶುಗೃಹದಲ್ಲಿ ಕೇಕ್, ಅತಿಥಿಯ ಕುತ್ತಿಗೆಗೆ ಜೋತುಬಿದ್ದಿರೋ ಎರಡು ವರ್ಷದ ಮಗು. 'ಐದೇ ನಿಮಿಷಕ್ಕೆ ನನ್ನನ್ನ ಎಷ್ಟು ಹಚ್ಕೊಂಡ್ಬಿಡ್ತು!' ಅಂತ ಬೇರೆ ಬರೆದಿದ್ದಾರೆ. (ಮಗುವಿನ ಮುಖ ಹಾಕೋದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ಗೆ ವಿರುದ್ಧ, ಅದಿರಲಿ.)

ಹಚ್ಚಿಕೊಳ್ಳೋಕೆ ತನ್ನವರು ಅಂತ ಒಬ್ಬರೂ ಸಿಗದ ಮಗು ಹಾಗೆ ಮಾಡುತ್ತೆ, ಸ್ವಾಮಿ. ಮನೆಯಲ್ಲಿ ಬೆಳೆದದ್ದಾದರೆ ಸಾಮಾನ್ಯವಾಗಿ ಅಮ್ಮನ ಸೆರಗಿನ ಹಿಂದೆ ಸರಿಯುತ್ತೆ. ಚಾಕಲೇಟ್ ಹಿಡಿದರೂ ಮೊದಲು ಅಮ್ಮನ ಮುಖ ನೋಡುತ್ತೆ.

ರೊಮೇನಿಯಾದಲ್ಲಿ ಸರ್ವಾಧಿಕಾರಿ ಚೌಶೆಸ್ಕು 1966ರಲ್ಲಿ ಗರ್ಭಪಾತ ನಿರ್ಬಂಧಿಸಿದ, ಸಾಕಲಾಗದೆ ಬಿಟ್ಟ ಮಕ್ಕಳಿಂದ ಅನಾಥಾಲಯಗಳು ತುಂಬಿದವು. ಅವನು ಹೋದ ಮೇಲೆ ನೆಲ್ಸನ್, ಫಾಕ್ಸ್, ಝೀನಾ ಅನ್ನೋ ಸಂಶೋಧಕರು ಬುಕಾರೆಸ್ಟ್‌ನ ಸಂಸ್ಥೆಗಳ 136 ಮಕ್ಕಳಲ್ಲಿ (ವಯಸ್ಸು 6ರಿಂದ 31 ತಿಂಗಳು) ಅರ್ಧದಷ್ಟನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕುಮನೆಗೆ, ಅಂದರೆ ಮಗುವನ್ನ ತಮ್ಮ ಮನೆಯಲ್ಲಿಟ್ಟು ಸಾಕೋ ಕುಟುಂಬಗಳಿಗೆ, ಕಳಿಸಿದರು. ಮಕ್ಕಳಿಗೆ 42 ತಿಂಗಳು ವಯಸ್ಸಾದಾಗ ನೋಡಿದರೆ, ಸಾಕುಮನೆಯವರಲ್ಲಿ ಸುಮಾರು ಅರ್ಧ ಮಕ್ಕಳಿಗೆ ಸಾಕಿದವರ ಜೊತೆ ಭದ್ರ ಬಾಂಧವ್ಯ; ಸಂಸ್ಥೆಯ ಗುಂಪಿನಲ್ಲಿ ಐದರಲ್ಲೊಂದಕ್ಕೂ ಇಲ್ಲ. ಎರಡು ವರ್ಷ ತುಂಬೋದರೊಳಗೆ ಸಾಕುಮನೆ ಸೇರಿದವು ಹೆಚ್ಚು ಚೇತರಿಸಿಕೊಂಡವು. ಆಮೇಲೆ ಬಾಗಿಲ ಪರೀಕ್ಷೆ: ಗುರುತಿಲ್ಲದವರು ಬಂದು 'ಬಾ, ಏನೋ ತೋರಿಸ್ತೀನಿ' ಅಂದರೆ ಸಂಸ್ಥೆಯ ಗುಂಪಿನ ಎಷ್ಟೋ ಮಕ್ಕಳು ಹಿಂದೆ ತಿರುಗಿ ನೋಡದೆ ಹೊರಟವು. ಹುಟ್ಟಿದ ಮನೆಯಲ್ಲೇ ಬೆಳೆದವು ಹೋಗಿದ್ದು ಅಪರೂಪ. ನಿಮ್ಮ ಫೋಟೊದಲ್ಲಿರೋದೂ ಹಾಗೆ ಹೊರಟ ಮಗುವಿನ ಥರದ್ದೇ.

ಶಿಶುಗೃಹ ನಡೆಸೋರು ನೀವು, 'ಅಲ್ಲಿ ನರಕ, ನಮ್ಮಲ್ಲಿ ಹಾಲಿದೆ, ಆಟಿಕೆ ಇದೆ, ಟೈಲ್ಸ್ ಹಾಕಿಸಿದ್ದೀವಿ' ಅಂತೀರಿ. ಒಳ್ಳೇದಾಯ್ತು. ಟೈಲ್ಸ್ ಮಗುವಿನ ಜೊತೆ ಮಾತಾಡುತ್ತಾ?

ಕೆಡೋದು ಆಯಾಗಳ ಪಾಳಿಯಲ್ಲಿ. ದಿನಕ್ಕೆ ಮೂರು ಪಾಳಿ, ಮೇಲೆ ರಜೆ, ಬಿಟ್ಟುಹೋದವರ ಜಾಗಕ್ಕೆ ಹೊಸಬರು. ದಿಂಬಿಗೆ ಒರಗಿಸಿಟ್ಟ ಹಾಲಿನ ಬಾಟಲಿ, ಎಲ್ಲರಿಗೂ ಒಂದೇ ಗಂಟೆಗೆ ನಿದ್ದೆ. ಅತ್ತರೂ ಯಾರೂ ಬರಲ್ಲ ಅಂತ ಗೊತ್ತಾದರೆ ಮಗು ಅಳೋದೇ ಕಡಿಮೆ ಮಾಡುತ್ತೆ. ಅದಕ್ಕೂ 'ಎಷ್ಟು ಸಾಧು!' ಅಂತ ಹೊಗಳಿಕೆ.

ಮೂರ್ನಾಲ್ಕು ಮಕ್ಕಳಿಗೆ ಇಂಥವರೇ ಆಯಾ ಅಂತ ಗೊತ್ತುಮಾಡಿ, ವಾರವಾರ ಬದಲಿಸಬೇಡಿ. ಹಾಲು ತೊಡೆ ಮೇಲೆ ಮಲಗಿಸಿಕೊಂಡು, ಮುಖ ನೋಡ್ತಾ ಕುಡಿಸಲಿ. ಸ್ನಾನ, ಊಟ, ಮಲಗಿಸೋದು ಅದೇ ಕೈಯಿಂದ. ಅತಿಥಿಗಳು ಮಗು ಎತ್ತಿಕೊಳ್ಳೋದು ಬೇಡ. ಕೇಕಿನ ದುಡ್ಡು ಆಯಾ ಸಂಬಳಕ್ಕೆ ಕೊಡಿ, ಅವರು ಕೆಲಸ ಬಿಡದೆ ಉಳಿಯೋದೇ ದೊಡ್ಡ ಉಪಕಾರ.

ಇನ್ನೂ ಮಾಡೋ ಮನಸ್ಸಿದ್ದರೆ, ಬಡತನಕ್ಕೆ ಮಗುವನ್ನ ಬಿಡೋ ಸ್ಥಿತಿಯಲ್ಲಿರೋ ಮನೆಗೆ ಹೋಗಿ. ಅರ್ಹರಿಗೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆ ತಾಯಿಯ ಪಕ್ಕ ಕೂತು ಅರ್ಜಿ ತುಂಬಿಸಿಕೊಡಿ.