ಹನ್ನೆರಡು ಸಾಲಿನ ಅಪರಾಧ

ರಾತ್ರಿ ಎರಡೂವರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೂತು ನನ್ನ ಗೆಳೆಯ ಅಮೆರಿಕದ ಬ್ಯಾಂಕೊಂದರ ಮೇನ್‌ಫ್ರೇಮ್, ಅಂದರೆ ಅದರ ದೊಡ್ಡ ಕಂಪ್ಯೂಟರ್, ಕಾಯುತ್ತಿದ್ದ. ಜಾಬ್ ಒಂದು, ಅಂದರೆ ಯಂತ್ರಕ್ಕೆ ಒಪ್ಪಿಸಿದ ಕೆಲಸವೊಂದು, ಸಿಕ್ಕಿಹಾಕಿಕೊಂಡಿತ್ತು, ಕಿತ್ತುಹಾಕಬೇಕಿತ್ತು. ಅದಕ್ಕೆ ಕಮಾಂಡ್: ಡಾಲರ್, ಪಿ, ಜೆ, ಆಮೇಲೆ ಜಾಬಿನ ನಾಲ್ಕು ಅಂಕಿ. ಪಾಳಿಯ ಏಳನೇ ತಾಸಿನ ಕಣ್ಣಿಗೆ 4512, 4521 ಎರಡೂ ಅವಳಿ ಮಕ್ಕಳು. ಎಂಟರ್ ಒತ್ತಿದ. ಹೋದದ್ದು ಸಂಬಳದ ಜಾಬ್.

ಇದಾದರೂ ವಾಸಿ. ಡಾಲರ್ ಪಿ ಹೊಡೆದು, ಜೆ ಮತ್ತು ಅಂಕಿ ಹಾಕುವ ಮೊದಲೇ ಎಂಟರ್ ಒತ್ತಿದರೆ, ಜಾಬ್‌ಗಳ ಸರದಿ ನೋಡಿಕೊಳ್ಳುವ ಜೆಸ್-2 ಎಂಬ ತಂತ್ರಾಂಶ ಹೊಸ ಕೆಲಸ ಕೈಗೆತ್ತಿಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತದೆ. 1964ರಲ್ಲಿ ಐಬಿಎಂನ ಸಿಸ್ಟಂ/360 ಮೇನ್‌ಫ್ರೇಮ್ ಬಂದಾಗಿನಿಂದ ಈ ಮನೆತನದ ಯಂತ್ರಗಳಿಗೆ ಆಪರೇಟರ್ ಮೇಲೆ ಅಪಾರ ನಂಬಿಕೆ.

ಮ್ಯಾನೇಜರುಗಳಿಗೆ ಅಷ್ಟಿಲ್ಲ. ಸಭೆ ಸೇರಿ, ಮೂಲ ಕಾರಣ ‘ಮಾನವ ದೋಷ’ ಎಂದು ಬರೆದುಕೊಂಡರು. ಇನ್ನು ಮುಂದೆ ಒಬ್ಬ ಟೈಪ್ ಮಾಡಬೇಕು, ಇನ್ನೊಬ್ಬ ಗಟ್ಟಿಯಾಗಿ ಓದಬೇಕು, ಮೂರನೆಯವನು ಫೋನಿನಲ್ಲಿ ‘ಓಕೆ’ ಅನ್ನಬೇಕು. ಮೊದಲು ಒಬ್ಬ ತೂಕಡಿಸುತ್ತಿದ್ದ, ಈಗ ಮೂವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೂಕಡಿಸುತ್ತಾರೆ. ಕಮಾಂಡನ್ನು ಮೊದಲು ಎಕ್ಸೆಲ್ ಹಾಳೆಯಲ್ಲಿ ಬರೆಯಬೇಕು. ಅಲ್ಲಿಂದ ಕಾಪಿ ಮಾಡುವಂತಿಲ್ಲ, ಭದ್ರತೆ! ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು. ಗೋಡೆಗೆ ಲ್ಯಾಮಿನೇಟ್ ಮಾಡಿದ ಪೋಸ್ಟರ್ ಬೇರೆ: ‘ಒತ್ತುವ ಮುನ್ನ ಯೋಚಿಸಿ’.

ಗೆಳೆಯ ಯೋಚಿಸಿಯೇಬಿಟ್ಟ. ರೆಕ್ಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹನ್ನೆರಡು ಸಾಲಿನ ಸ್ಕ್ರಿಪ್ಟ್ ಗೀಚಿದ. ಐಬಿಎಂನ ಮೈಕ್ ಕೌಲಿಷಾ 1979ರಲ್ಲಿ ಶುರುಮಾಡಿದ ಭಾಷೆ ಅದು, ಯಂತ್ರದೊಳಗೇ ಇದೆ, ಹೊಸದಾಗಿ ಕಾಸು ಬಿಚ್ಚಬೇಕಿಲ್ಲ. ಸ್ಕ್ರಿಪ್ಟ್ ಅಂಕಿ ಕೇಳುತ್ತದೆ, ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಆ ಅಂಕಿಯ ಜಾಬ್ ಯಾವುದು, ಯಾರದು ಎಂದು ತೋರಿಸಿ, ಜಾಬಿನ ಹೆಸರನ್ನು ನೀವೇ ಟೈಪ್ ಮಾಡಿ ಅನ್ನುತ್ತದೆ. ‘ಯೆಸ್’ ಎನ್ನಲು ಬರೀ ‘ವೈ’ ಒತ್ತಿದರೆ ಸಾಲದು. ಅಭ್ಯಾಸಬಲದಿಂದ ‘ವೈ’ ಒತ್ತುವ ಬೆರಳು ನಮ್ಮದೊಬ್ಬರದೇ ಅಲ್ಲವಲ್ಲ. 2005ರ ಡಿಸೆಂಬರ್ 8ರಂದು ಟೋಕಿಯೊದ ಮಿಜುಹೊ ಸೆಕ್ಯುರಿಟೀಸ್‌ನಲ್ಲಿ, 6,10,000 ಯೆನ್‌ಗೆ ಒಂದು ಷೇರು ಮಾರುವ ಬದಲು ಒಂದು ಯೆನ್‌ನಂತೆ 6,10,000 ಷೇರು ಮಾರಲು ಹೊರಟರು. ಆ ಕಂಪನಿಯಲ್ಲಿ ಇದ್ದದ್ದೇ 14,500 ಷೇರು. ಪರದೆ ಎಚ್ಚರಿಸಿತ್ತು. ದಾಟಿಕೊಂಡು ಹೋದರು.

ತಿಂಗಳೊಪ್ಪತ್ತು ಒಂದೂ ತಪ್ಪಾಗಲಿಲ್ಲ. ಆದ್ದರಿಂದ ಆಡಿಟ್‌ನವರಿಗೆ ಅನುಮಾನ ಬಂತು. ಹುಡುಕಿದರೆ ಸ್ಕ್ರಿಪ್ಟಿನಲ್ಲಿ ‘ಸ್ವಾಮಿ, ಇದು ಸಂಬಳದ ಜಾಬ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಸಿಕ್ಕಿತು. ಯಾರೀ ಸ್ವಾಮಿ, ಅವರಿಗೆ ಲಾಗಿನ್ ಕೊಟ್ಟವರು ಯಾರು ಎಂದು ವಿಚಾರಣೆ. ಕೊನೆಗೆ ಗೆಳೆಯನಿಗೆ ‘ಅನುಮತಿಯಿಲ್ಲದ ತಂತ್ರಾಂಶ’ದ ಮೆಮೊ. ಸಂಬಳದ ಜಾಬ್ ಕಿತ್ತಾಗ ಬರೀ ತರಬೇತಿಗೆ ಕಳಿಸಿದ್ದರು.

2017ರ ಫೆಬ್ರುವರಿಯಲ್ಲಿ ಒಂದು ಕಮಾಂಡಿನ ತಪ್ಪಿಗೆ ಅಮೆಜಾನಿನ ಎಸ್3 ಎಂಬ ದತ್ತಾಂಶ ಸಂಗ್ರಹ ಸೇವೆ ಮಕಾಡೆ ಮಲಗಿತ್ತು. ಅವರು ಸರ್ವರ್ ತೆಗೆಯುವ ಆ ಟೂಲನ್ನೇ ತಿದ್ದಿ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸಲು ಬಾರದಂತೆ ಮಾಡಿದರು. ಪಾಪ, ಲ್ಯಾಮಿನೇಷನ್ ಯಂತ್ರ ಇರಲಿಲ್ಲವೇನೋ.

ಈಗ ಗೆಳೆಯ ಸ್ಕ್ರಿಪ್ಟಿಗೆ ಮಂಜೂರಾತಿ ಕೋರಿ ಅರ್ಜಿ ಹಾಕಿದ್ದಾನೆ. ಮೂವರ ಕೈ ದಾಟಿ, ಮೂವರೂ ‘ಓಕೆ’ ಅಂದು, ಮೊನ್ನೆ ಒಪ್ಪಿಗೆ ಬಂತು. ಅರ್ಜಿ ಸಂಖ್ಯೆಯ ಕೊನೆಯ ಎರಡಂಕಿ ಅದಲುಬದಲಾಗಿ, ಮೂರನೇ ಮಹಡಿಯ ಕಾಫಿ ಯಂತ್ರ ಬದಲಾಯಿತು. ಕಾಫಿ ಈಗ ಪರವಾಗಿಲ್ಲವಂತೆ.