ಅರವತ್ತೆರಡು ಲಕ್ಷ ಚುಕ್ಕಿ ಕಾಣೆಯಾಗಿವೆ

ಪ್ರತಿ ವರ್ಷ ಡಿಸೆಂಬರ್ 24ಕ್ಕೆ ನಮ್ಮ ಕಾಲೇಜಿನಲ್ಲಿ ನನ್ನದೊಂದು ಭಾಷಣ ಇರುತ್ತದೆ. ರಾಷ್ಟ್ರೀಯ ಗ್ರಾಹಕರ ದಿನ. 1986ರಲ್ಲಿ ಅವತ್ತೇ ಗ್ರಾಹಕರ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು. ನಾನು ಪಿಯುಸಿ ಮಕ್ಕಳಿಗೆ ವ್ಯವಹಾರ ಅಧ್ಯಯನ ಕಲಿಸುವವನು, ಹಾಗಾಗಿ ಈ ದಿನ ನನ್ನ ಹೆಸರಿಗೇ ಬರೆದಿಟ್ಟದ್ದು. ಭಾಷಣ ಎಷ್ಟು ವರ್ಷದಿಂದ ಅದೇ ಅಂದರೆ, ಹಿಂದಿನ ಬೆಂಚಿನವರು ನನಗಿಂತ ಅರ್ಧ ಸೆಕೆಂಡು ಮೊದಲೇ "ಗ್ರಾಹಕನೇ ರಾಜ" ಅಂದುಬಿಡುತ್ತಾರೆ. ಈ ಸಲವೂ ಮಾಡಿದೆ. ಚಪ್ಪಾಳೆ ಬಿತ್ತು. ಮೂರು ವಾರಕ್ಕೆ ಸಂಕ್ರಾಂತಿ ಬಂತು, ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಶುರುವಾಯಿತು, ರಾಜ ಟಿವಿ ತರಲು ಹೊರಟ.

ಹಳೆಯ ಟಿವಿಯಲ್ಲಿ ಮೇಲಿಂದ ಕೆಳಗೆ ಒಂದು ಹಸಿರು ಗೆರೆ ಮೂಡಿತ್ತು. ನಿಜ ಹೇಳಬೇಕೆಂದರೆ ಅವ್ವ ಅದಕ್ಕೆ ಹೊಂದಿಕೊಂಡಿದ್ದಳು. ಧಾರಾವಾಹಿಯಲ್ಲಿ ಗೆರೆಯ ಆ ಕಡೆ ನಿಂತವರು ಕೆಟ್ಟವರು, ಈ ಕಡೆಯವರು ಒಳ್ಳೆಯವರು ಅಂತ ತನ್ನದೇ ಒಂದು ಲೆಕ್ಕ ಇಟ್ಟುಕೊಂಡಿದ್ದಳು. ಲೆಕ್ಕ ತಪ್ಪಿದ್ದೂ ಕಡಿಮೆ. ಹೊಸದು ಬೇಕು ಅಂತ ಹಠ ಹಿಡಿದದ್ದು ನಾನೇ.

ಅಂಗಡಿಯ ಹೆಸರು ಬೇಡ. ದೊಡ್ಡದು, ತಂಪಗಿನದು, ಬಾಗಿಲಲ್ಲೇ ಬಲೂನು ಕಟ್ಟಿದ್ದರು. ಹೊರಗಿನ ಬೋರ್ಡಿನಲ್ಲಿ "ನಮ್ಮಲ್ಲಿ ಮಾತ್ರ! ಜಿಎಸ್‌ಟಿ ಉಳಿತಾಯದ ಧಮಾಕಾ!" 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿದ್ದ ಶೇ 28ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಸಿದ್ದು ಸರಕಾರ. ಇಡೀ ದೇಶಕ್ಕೆ ಇಳಿಸಿದ್ದು. ಅದು ಹೇಗೋ ಇವರ ಅಂಗಡಿಯ ಆಫರ್ ಆಗಿಬಿಟ್ಟಿತ್ತು. ಮಳೆ ಬಂದರೆ "ನಮ್ಮಲ್ಲಿ ಮಾತ್ರ ನೀರು ಉಚಿತ" ಅಂತ ಬೋರ್ಡು ಹಾಕುವ ಜಾತಿ. ಇದನ್ನು ಅಲ್ಲೇ ಗುರುತಿಸಿ, ಹೆಂಡತಿಗೆ ವಿವರಿಸಿ, ನನ್ನನ್ನು ನಾನೇ ಮೆಚ್ಚಿಕೊಂಡೆ. ಕೆಳಗಿನ ಸಾಲು "ನಿಮ್ಮ ಹಳೆಯ ಟಿವಿಗೆ ₹5,000" ಅಂತ ಇತ್ತು. ಅದರ ಪಕ್ಕ ಇರುವೆ ಗಾತ್ರದಲ್ಲಿ ಇನ್ನೊಂದು ಪದ ಇದ್ದದ್ದು ಮಾತ್ರ ಕಾಣಲಿಲ್ಲ. "ತನಕ."

ಒಳಗೆ ಕಾಲಿಟ್ಟೆ. "ನಮಸ್ಕಾರ್ರಿ ಸರ!" ಅಂತ ಒಬ್ಬ ಹುಡುಗ ಓಡಿ ಬಂದು ಕಾಲು ಮುಟ್ಟಿದ. ನನ್ನ ಶಿಷ್ಯ. ಹಿಂದಿನ ಬೆಂಚು, ಕಿಟಕಿ ಪಕ್ಕ. ಈಗ ಕುತ್ತಿಗೆಯಲ್ಲಿ ಐಡಿ ಕಾರ್ಡು, ಮೈಮೇಲೆ ಕಂಪನಿಯ ಅಂಗಿ. ಕಾಲು ಮುಟ್ಟಿದವನ ಹತ್ತಿರ ಚೌಕಾಸಿ ಮಾಡುವುದು ಹೇಗೆ ಹೇಳಿ? ಅಲ್ಲಿಗೆ ಅರ್ಧ ವ್ಯಾಪಾರ ಮುಗಿದಿತ್ತು.

"ನಿಮಗ ಬ್ಯಾರೆ ಏನೂ ತೋರಸಂಗಿಲ್ರಿ ಸರ. ಇದ ತಗೋರಿ. 43 ಇಂಚ್, 4ಕೆ ಐತಿ. 46 ಸಾವಿರದ್ದು, ನಿಮಗಂತ 26,990."

ಪರದೆಯ ಮೇಲೆ ಒಂದು ಗಿಳಿ ಕೂತಿತ್ತು. ಅಷ್ಟು ಹಸಿರಾದ ಗಿಳಿಯನ್ನು ನಾನು ನಮ್ಮ ಇಂಡಿ ತಾಲ್ಲೂಕಿನ ಲಿಂಬೆ ತೋಟದಲ್ಲೂ ನೋಡಿಲ್ಲ. ಆಮೇಲೆ ತಿಳಿಯಿತು, ಅಂಗಡಿಯ ಟಿವಿಗಳಿಗೆ ಸ್ಟೋರ್ ಮೋಡ್ ಅಂತ ಒಂದು ಇರುತ್ತದಂತೆ. ಬೆಳಕು, ಬಣ್ಣ ಎರಡನ್ನೂ ಪೂರ್ತಿ ಏರಿಸಿ ಇಡುತ್ತಾರೆ. ಮೇಲೆ ಪ್ರದರ್ಶನಕ್ಕೆಂದೇ ತೆಗೆದ ವಿಡಿಯೋ. ಜಾತ್ರೆಗೆ ತಂದ ಎತ್ತಿನ ಕೊಂಬಿಗೆ ಬಣ್ಣ ಬಳಿದು ಗೊಂಡೆ ಕಟ್ಟಿದ ಹಾಗೆ. ಆದರೆ ಕೊಂಬಿನ ಬಣ್ಣ ನೋಡಿ ಎತ್ತು ಹಿಡಿಯುವ ರೈತ ನಮ್ಮ ಜಿಲ್ಲೆಯಲ್ಲಿ ಇಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ನಾನು ರೈತನ ಮಗ, ಆದರೆ ಎಂಕಾಂ ಮಾಡಿದ್ದೇನೆ. ಹಲ್ಲು ಎಣಿಸಲಿಲ್ಲ.

ಅವ್ವ ಮಾತ್ರ ಟಿವಿಯ ಹಿಂದೆ ಹೋದಳು. ಗಡಿಗೆ ಕೊಳ್ಳುವಾಗ ಮಾಡುವ ಹಾಗೆ ಬೆರಳು ಮಡಚಿ ಬೆನ್ನಿಗೆ ಟಕ್ ಟಕ್ ಅಂತ ಬಾರಿಸಿದಳು. ಕಿವಿ ಕೊಟ್ಟಳು.

"ಪೊಳ್ಳ ಐತಲ್ಲೋ ಇದು."

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜಾಸ್ತಿ ನಾನು ನಕ್ಕೆ.

ಮುಂದೆ "ನೋ ಕಾಸ್ಟ್ ಇಎಂಐ ಮಾಡ್ಲಿರಿ ಸರ?" ಅಂದ. ಇಲ್ಲಿ ನಾನು ಎದೆ ಉಬ್ಬಿಸಿದೆ. ಶೂನ್ಯ ಬಡ್ಡಿ ಅನ್ನುವ ವಸ್ತುವೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿದೆ ಕಣಪ್ಪ, ಬಡ್ಡಿ ಇನ್ನೆಲ್ಲೋ ಅಡಗಿರುತ್ತದೆ, ಬೆಲೆಯಲ್ಲೋ, ಪ್ರೊಸೆಸಿಂಗ್ ಫೀಯಲ್ಲೋ ಅಂತ ಅಂಗಡಿಯ ನಡುವೆಯೇ ಪಾಠ ಮಾಡಿದೆ. ಇಬ್ಬರು ಗಿರಾಕಿಗಳು ನಿಂತು ಕೇಳಿದರು. ಹುಡುಗ "ಖರೆ ಐತ್ರಿ ಸರ" ಅಂತ ತಲೆದೂಗಿದ. ಆ ಗೆಲುವಿನ ಅಮಲಿನಲ್ಲಿ ಬಿಲ್ ಕೌಂಟರಿಗೆ ಬಂದೆ. ಅಲ್ಲಿ ಅವನು ಮೆಲ್ಲಗೆ, ದುಃಖದ ದನಿಯಲ್ಲಿ, "ಸರ, ಕಂಪನಿ ವಾರಂಟಿ ಒಂದ ವರ್ಷ. ಆಮ್ಯಾಲ ಪ್ಯಾನೆಲ್ ಹ್ವಾದ್ರ ಹದಿನೆಂಟು ಸಾವಿರ ಬರತೈತಿ. 2,999 ಕೊಟ್ರ ಇನ್ನೂ ಮೂರು ವರ್ಷ ನಿಶ್ಚಿಂತಿ" ಅಂದ.

ಐದು ನಿಮಿಷದ ಹಿಂದೆ ಜಗತ್ತಿನಲ್ಲೇ ಗಟ್ಟಿಯಾಗಿದ್ದ ಟಿವಿ ಕೌಂಟರಿಗೆ ಬರುವಷ್ಟರಲ್ಲಿ ಐಸಿಯು ರೋಗಿಯಾಗಿತ್ತು. ಸಹಿ ಹಾಕಿದೆ.

ಹಳೆಯ ಟಿವಿಗೆ 400 ರೂಪಾಯಿ ಹಿಡಿದರು. "5,000 ತನಕ ರೀ ಸರ. ನಿಮ್ದು ಗೆರಿ ಐತಲ್ರಿ." 400 ಕೂಡ 5,000ದ ತನಕವೇ, ಗಣಿತದಲ್ಲಿ ತಪ್ಪಿಲ್ಲ. ಟೆಂಪೋದವನು ಹೊಸದನ್ನು ಇಳಿಸಿ ಹಳೆಯದನ್ನು ಹೇರಿಕೊಂಡು ಹೋದ. ಗೋಡೆಗೆ ನಾಲ್ಕು ತೂತು ಹೊಡೆದು ಟಿವಿ ನೇತು ಹಾಕಿದವನು 500 ತೆಗೆದುಕೊಂಡ. ಫಿಟ್ಟಿಂಗ್ ಫ್ರೀ ಅಂದಿದ್ದರಲ್ಲ ಅಂದೆ. "ಸ್ಟ್ಯಾಂಡ್ ಫ್ರೀ ರೀ. ತೂತಿಗೆ ರೊಕ್ಕ."

ಮನೆಗೆ ಬಂದ ಗಿಳಿ ಸಾದಾ ಗಿಳಿಯಾಗಿತ್ತು. ಮಗಳು ಒಂಬತ್ತನೇ ತರಗತಿ. ಅವಳು ಡಬ್ಬಿ ಎಸೆಯುವ ಮೊದಲು ಅದನ್ನು ಓದಿದಳು. ನಮ್ಮ ಮನೆಯಲ್ಲಿ ಈ ಅಭ್ಯಾಸ ಇರುವುದು ಅವಳಿಗೊಬ್ಬಳಿಗೇ. "ಅಪ್ಪಾ, ಇಲ್ಲಿ 4ಕೆ ಅಂತ ದೊಡ್ಡದಾಗಿ ಐತಿ, ಮುಂದ ಸಣ್ಣಗ ವಿಡಿಯೋ ಸಪೋರ್ಟ್ ಅಂತ ಐತಿ. ಪ್ಯಾನೆಲ್ ಫುಲ್ ಎಚ್‌ಡಿ."

ಅಂದರೆ 4ಕೆ ವಿಡಿಯೋ ಕೊಟ್ಟರೆ ಟಿವಿ ಅದನ್ನು ನುಂಗುತ್ತದೆ. ತೋರಿಸುವುದು ಮಾತ್ರ ತನಗೆ ಬಂದಷ್ಟೇ. ನಿಜವಾದ 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕಿ ಇರಬೇಕು. ಇದರಲ್ಲಿ 1,920, 1,080. ಮಗಳು ಗುಣಿಸಿದಳು. ಅಲ್ಲಿ 83 ಲಕ್ಷ, ಇಲ್ಲಿ 21 ಲಕ್ಷಕ್ಕೂ ಸ್ವಲ್ಪ ಕಮ್ಮಿ. ಅರವತ್ತೆರಡು ಲಕ್ಷ ಚುಕ್ಕಿ ಕಾಣೆ.

ಅವ್ವ ಸಂಕ್ರಾಂತಿಯ ರಂಗೋಲಿ ಹಾಕಿ ಕೈ ತೊಳೆದು ಬಂದವಳು ಇದನ್ನು ಕೇಳಿಸಿಕೊಂಡಳು. "ಚುಕ್ಕಿ ಎಣಸದ ರಂಗೋಲಿ ಹಾಕಾಕ ಹ್ವಾದ್ರ ಹಿಂಗ ಆಗೂದು" ಅಂದು ಒಳಗೆ ಹೋದಳು.

ಮರುದಿನ ಅಂಗಡಿಗೆ ಹೋದೆ. ಮ್ಯಾನೇಜರ್ ಬಹಳ ಸಭ್ಯ. ಚಹಾ ತರಿಸಿದರು. ಚಹಾ ಮುಗಿಯುವ ತನಕ ಅವರು ನನ್ನ ಪರವಾಗಿಯೇ ಇದ್ದರು.

"ಟಿವಿ ಆನ್ ಆಗ್ತದಲ್ರಿ?"

"ಆಗ್ತದ."

"ಸೌಂಡ್ ಬರ್ತದ?"

"ಬರ್ತದ."

"ಮತ್ತ ಡಿಫೆಕ್ಟ್ ಎಲ್ಲಿ ಐತ್ರಿ ಸರ?"

4ಕೆ ಅಂತ ಹೇಳಿ ಮಾರಿದಿರಲ್ಲ ಅಂದೆ. ಯಾರೂ ಹಾಗೆ ಹೇಳುವುದಿಲ್ಲ ಅಂದರು. ಗೋಲಗುಮ್ಮಟದಲ್ಲಿ ಒಂದು ಸಲ ಪಿಸುಗುಟ್ಟಿದರೆ ಏಳು ಸಲ ತಿರುಗಿ ಕೇಳುತ್ತದೆ ಅನ್ನುತ್ತಾರೆ. ಅದೇ ಊರಿನ ಈ ಅಂಗಡಿಯಲ್ಲಿ ಏಳು ಸಲ ಕೂಗಿ ಹೇಳಿದ್ದು ಯಾರಿಗೂ ಒಂದು ಸಲವೂ ಕೇಳಿಸಿರಲಿಲ್ಲ. ಬಿಲ್ಲಿನ ಕೆಳಗೆ ಬೆರಳು ಇಟ್ಟು ತೋರಿಸಿದರು. "ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ." ಏನಿದ್ದರೂ ಕಂಪನಿಯವರನ್ನು ಕೇಳಿ ಅಂದರು. ಕಂಪನಿಗೆ ಫೋನ್ ಮಾಡಿದೆ. ಹನ್ನೊಂದು ನಿಮಿಷ ಸಂಗೀತ ಕೇಳಿಸಿ, ನಮ್ಮ ಡಬ್ಬಿಯ ಮೇಲೆ ಸರಿಯಾಗಿಯೇ ಬರೆದಿದ್ದೇವೆ, ಅಂಗಡಿಯವರನ್ನು ಕೇಳಿ ಅಂದರು.

ಸಿಟ್ಟಿನಲ್ಲಿ ಶಿಷ್ಯನ ಕಡೆ ತಿರುಗಿದೆ. ಅವನು ಮ್ಯಾನೇಜರ್ ಎದುರು ತಲೆ ತಗ್ಗಿಸಿ ನಿಂತಿದ್ದ. "ಸರ, ನೀವ ಹೇಳಿದ್ರಲ್ರಿ ಕ್ಲಾಸಿನ್ಯಾಗ. ಕೇವಿಯಟ್ ಎಂಪ್ಟರ್. ಕೊಳ್ಳವ ಹುಷಾರ ಇರಬೇಕು ಅಂತ."

ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಅವನು ಏನೂ ಬರೆದಿರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ.

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಅವನೇ. ಹಿಂದೆ ಬಸ್ಸಿನ ಸದ್ದು. "ಸರ, ತಪ್ಪು ತಿಳಿಬ್ಯಾಡ್ರಿ. ಟಾರ್ಗೆಟ್ ಇರ್ತೈತ್ರಿ. ಟಿವಿ ಮಾರಿದ್ರ ನಮಗ ಏನೂ ಸಿಗಂಗಿಲ್ಲ, ವಾರಂಟಿ ಮಾರಿದ್ರ ಮಾತ್ರ ಇನ್ಸೆಂಟಿವ್. ಆ ಮಾಡೆಲ್ ಎರಡು ತಿಂಗಳಿಂದ ಗೋಡೌನಿನ್ಯಾಗ ಕುಂತಿತ್ತು. ಅದನ್ನ ಮೊದಲ ತೋರಸ್ರಿ ಅಂತ ಮುಂಜಾನೆ ಮೀಟಿಂಗಿನ್ಯಾಗ ಹೇಳ್ತಾರ." ಸ್ವಲ್ಪ ಸುಮ್ಮನಿದ್ದು, "ಅವತ್ತ ಒಂದು ಚೀಟಿ ಬರದ ಕೊಟ್ಟಿದ್ನಿ ನೋಡ್ರಿ, ರೇಟ್ ಬರದು. ಅದನ್ನ ಹುಡುಕ್ರಿ. ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ" ಅಂದ.

ಚೀಟಿ! ಅಂಗಿಯ ಕಿಸೆ, ಚೀಲ, ಬೀರು ಎಲ್ಲ ಜಾಲಾಡಿದೆ. ಕೊನೆಗೆ ಅಡುಗೆಮನೆಯ ಮೊಳೆಗೆ ಸಿಕ್ಕಿಸಿತ್ತು. ಹೆಂಡತಿ ಅದರ ಹಿಂದೆ ಹಾಲಿನ ಲೆಕ್ಕ ಬರೆದಿದ್ದಳು. ಮುಂದೆ ಅಂಗಡಿಯ ಹೆಸರಿನ ಕೆಳಗೆ ಅವನದೇ ಕಾಗೆಕಾಲಿನ ಅಕ್ಷರ: "43, 4ಕೆ, 26,990." ಆ ಅಕ್ಷರವನ್ನು ಎರಡು ವರ್ಷ ತಿದ್ದಿ ಬೈದವನು ನಾನು. ಅವತ್ತು ಅದು ಮುತ್ತು ಪೋಣಿಸಿದ ಹಾಗೆ ಕಂಡಿತು.

ಆ ಚೀಟಿ ಯಾಕೆ ಮುಖ್ಯ ಅಂದರೆ, 2019ರ ಹೊಸ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ದೋಷ ಅಂದರೆ ಬರೀ ಕೆಟ್ಟು ಹೋದದ್ದಲ್ಲ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕಿಂತ ಕಡಿಮೆ ಇದ್ದರೂ ಅದು ದೋಷವೇ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲವಾದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನ ಕೆಳಗೆ ಏನೇ ಅಚ್ಚು ಹಾಕಿಸಿಕೊಳ್ಳಲಿ. ಹಾಗಂತ ಬಣ್ಣ ಸೇರಲಿಲ್ಲ, ಪಕ್ಕದ ಮನೆಯವರದು ಇದಕ್ಕಿಂತ ದೊಡ್ಡದು ಅಂತ ಹೋದರೆ ಕಾಯ್ದೆ ತಿರುಗಿಯೂ ನೋಡುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ವರ್ಷಗಳಿಂದ ಹೇಳುತ್ತಾ ಬಂದವನು. ಈಜುವುದು ಹೇಗೆ ಅಂತ ದಂಡೆಯ ಮೇಲೆ ನಿಂತು ಭಾಷಣ ಮಾಡುವವನನ್ನು ತಾಜ್ ಬಾವಡಿಯ ನೀರಿಗೆ ನೂಕಿದ ಹಾಗೆ ಆಗಿತ್ತು, ಅಷ್ಟೇ.

1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ನನ್ನ ಕನ್ನಡ ಅವರಿಗೆ, ಅವರ ಕನ್ನಡ ನನಗೆ ಹೊಂದುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ದೂರಿಗೆ ಒಂದು ನಂಬರ್ ಕೊಟ್ಟರು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುವವರು. ಅದಕ್ಕೂ ಬಗ್ಗದಿದ್ದರೆ ಊರಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ.

ಜತೆಗೆ ಅಂಗಡಿಗೆ ಒಂದು ನೋಟಿಸು ಬರೆದೆ. ಮೂರು ಪುಟ. ಪೀಠಿಕೆಯಲ್ಲಿ ಗ್ರಾಹಕ ಚಳವಳಿಯ ಇತಿಹಾಸ ಇತ್ತು. ಹೆಂಡತಿ ಓದಿ, "ಇದು ನೋಟಿಸೋ, ನೋಟ್ಸೋ?" ಅಂತ ಕೇಳಿ ಆರು ಸಾಲಿಗೆ ಇಳಿಸಿದಳು. ಏನು ಕೊಂಡೆವು, ಎಂದು, ಎಷ್ಟಕ್ಕೆ, ಏನು ಹೇಳಿದಿರಿ, ಏನು ಬಂತು, ಹದಿನೈದು ದಿನದಲ್ಲಿ ಹಣ ಕೊಡಿ ಇಲ್ಲವೇ ಆಯೋಗದಲ್ಲಿ ಸಿಗೋಣ. ಚೀಟಿಯ ಜೆರಾಕ್ಸ್ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿದಳು. ಜೆರಾಕ್ಸ್‌ನ ಹಿಂದೆ ಹಾಲಿನ ಲೆಕ್ಕವೂ ಹೋಯಿತು. ಇರಲಿ, ಅದೂ ಒಂದು ಸಾಕ್ಷಿ.

ಹತ್ತು ದಿನ ಸದ್ದಿಲ್ಲ. ಹನ್ನೊಂದನೇ ದಿನ ಮ್ಯಾನೇಜರ್ ಫೋನ್ ಮಾಡಿದರು. "ಸರ, ನಿಮ್ಮಂಥವರು ಹಿಂಗ ಮಾಡಿದ್ರ ಹೆಂಗ್ರಿ? ಅದ ರೊಕ್ಕಕ್ಕ ಬ್ಯಾರೆ ಏನರೆ ತಗೋರಿ. ಫ್ರಿಜ್ ತಗೋರಿ." ನನಗೆ ಫ್ರಿಜ್ ಬೇಡ ಅಂದೆ. "ಮಿಕ್ಸರ್ ತಗೋರಿ." 26 ಸಾವಿರದ ಮಿಕ್ಸರಿನಲ್ಲಿ ಏನು ರುಬ್ಬಲಿ? ಇನ್ನೆರಡು ದಿನ ಜಗ್ಗಾಡಿ ಕೊನೆಗೆ ಟಿವಿ ಇಳಿಸಿಕೊಂಡು ಹೋದರು. ಟಿವಿಯ ಹಣ ಖಾತೆಗೆ ಬಂತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆ. 340 ರೂಪಾಯಿಯ ಪೇಢೆ.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಹೊಸ ಟಿವಿ ಇಲ್ಲ. ಹಳೆಯದನ್ನು ಕೇಳಿದರೆ "ಅದು ಸೋಲಾಪುರಕ್ಕ ಹೋತ್ರಿ" ಅಂದು 400 ರೂಪಾಯಿ ಕೈಗೆ ಕೊಟ್ಟಿದ್ದರು. ತೂತಿನ 500 ಬರಲಿಲ್ಲ. ವಾರಂಟಿಯ 2,999 ಬೇರೆ ಕಂಪನಿಯದಂತೆ, ಅದಕ್ಕೂ ತಮಗೂ ಸಂಬಂಧ ಇಲ್ಲವಂತೆ. ಅದರ ಮೇಲೆ ಇನ್ನೊಂದು ದೂರು ಬರೆಯಬೇಕು. ಹೆಂಡತಿ ಆರು ಸಾಲು ಸಿದ್ಧ ಮಾಡಿಟ್ಟಿದ್ದಾಳೆ.

ಅವ್ವ ಈಗ ಧಾರಾವಾಹಿಗೆ ಪಕ್ಕದ ಮನೆಗೆ ಹೋಗುತ್ತಾಳೆ. ಅವರ ಟಿವಿಯಲ್ಲಿ ಗೆರೆ ಇಲ್ಲದ್ದರಿಂದ ಒಳ್ಳೆಯವರು ಯಾರು ಕೆಟ್ಟವರು ಯಾರು ತಿಳಿಯುತ್ತಿಲ್ಲ ಅಂತ ಬಂದು ಗೊಣಗುತ್ತಾಳೆ. ಗೋಡೆಯ ನಾಲ್ಕು ತೂತಿನಲ್ಲಿ ಒಂದಕ್ಕೆ ಕ್ಯಾಲೆಂಡರ್ ಸಿಕ್ಕಿಸಿದ್ದೇವೆ.

ನಿನ್ನೆ ಸಂಜೆ ನನ್ನ ಫೋನಿಗೆ ಒಂದು ಮೆಸೇಜು ಬಂತು. ಅವ್ವ ಯಾರದು ಅಂದಳು. ಓದಿ ಹೇಳಿದೆ. ಪ್ರಿಯ ಗ್ರಾಹಕರೇ, ಅಭಿನಂದನೆಗಳು, ನಿಮ್ಮ ಟಿವಿ 2030ರ ಜನವರಿ ತನಕ ಸುರಕ್ಷಿತವಾಗಿದೆ.

"ಹೌದೇನು?" ಅಂದಳು ಅವ್ವ. "ಎಲ್ಲಿ ಐತಂತ, ಕೇಳು."