ಕಾಯಿಲೆ ಉಳಿಯಿತು, ಮೇಲಿನವರು ಹೊರಟರು

ಸಕ್ಕರೆ ಕಾಯಿಲೆಯನ್ನು ಮೊಬೈಲ್ ಮೂಲಕವೇ ಹತೋಟಿಯಲ್ಲಿಡುತ್ತೇವೆ ಎನ್ನುವ ಕಂಪನಿಯೊಂದರಲ್ಲಿ ಪರಿಚಿತರೊಬ್ಬರಿಗೆ ಕೆಲಸ ಸಿಕ್ಕಿದೆ. ಮೇಲಿನ ಹುದ್ದೆಯವರ ವಿವರ ಕಳಿಸಿ, "ತಂಡ ಹೇಗಿದೆ, ನೋಡಿ ಹೇಳಿ ಸರ್" ಎಂದರು. ಓದು, ಅನುಭವ, ಪ್ರಶಸ್ತಿ, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಇಂಥ ಕಂಪನಿಯ ವಿಷಯದಲ್ಲಿ ನಾನು ಕೇಳುವುದು ಬೇರೆಯದನ್ನೇ. ಇವರೆಲ್ಲ ಎಷ್ಟು ವರ್ಷ ಇರುತ್ತಾರೆ? ರೋಗಿಗೆ ಗುಣ ಕಂಡಿದೆಯೋ ಇಲ್ಲವೋ ಎಂದು ಲೆಕ್ಕ ಹಾಕುವವರು ಇವರಲ್ಲಿ ಯಾರು?

ಅಮೆರಿಕದ ಲಿವಾಂಗೋ ಕಂಪನಿಯನ್ನು ನೋಡಿ. 2014ರಲ್ಲಿ ಈ ಹೆಸರಿನಿಂದ ಮಾರುಕಟ್ಟೆಗೆ ಬಂತು. ಅದರ ಗ್ಲುಕೋಮೀಟರ್ ಸಕ್ಕರೆಯ ಅಂಕಿಯನ್ನು ತಾನಾಗಿಯೇ ಕಂಪನಿಗೆ ರವಾನಿಸುತ್ತಿತ್ತು. ಸ್ಟ್ರಿಪ್‌ಗಳಿಗೆ ಮಿತಿ ಇರಲಿಲ್ಲ. ಅಂಕಿ ತೀರಾ ಏರಿದರೆ, ತೀರಾ ಇಳಿದರೆ ಅತ್ತಲಿಂದ ಫೋನ್ ಬರುತ್ತಿತ್ತು. ಹಣ ಕೊಡುತ್ತಿದ್ದವರು ಹೆಚ್ಚಾಗಿ ರೋಗಿಗಳಿಗೆ ಕೆಲಸ ಕೊಟ್ಟ ಕಂಪನಿಗಳು, ಸೇರಿದ ಒಬ್ಬೊಬ್ಬರಿಗೆ ತಿಂಗಳಿಗೆ ಇಷ್ಟು ಎಂದು. ಬೆರಳು ಚುಚ್ಚಿಕೊಂಡು, ಅಂಕಿಯನ್ನು ಡೈರಿಯಲ್ಲಿ ಬರೆದಿಟ್ಟು, ವೈದ್ಯರ ಬಳಿ ಹೋಗುವ ದಿನ ಡೈರಿಯನ್ನೇ ಮರೆತು ಬರುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ತಂಡವೂ ಹಾಗೆಯೇ ಇತ್ತು. ಸ್ಥಾಪಕ ಗ್ಲೆನ್ ಟುಲ್ಮನ್ ಹಿಂದೆ ಆಲ್‌ಸ್ಕ್ರಿಪ್ಟ್ಸ್ ಎಂಬ ದೊಡ್ಡ ವೈದ್ಯಕೀಯ ಸಾಫ್ಟ್‌ವೇರ್ ಕಂಪನಿಯನ್ನು ನಡೆಸಿದ್ದವರು. ಅವರ ಮಗನಿಗೇ ಟೈಪ್ 1 ಮಧುಮೇಹ. 2019ರಲ್ಲಿ ಸಿಇಒ ಆದ ಝೇನ್ ಬರ್ಕ್, ಅಂಥದ್ದೇ ವೈದ್ಯಕೀಯ ಸಾಫ್ಟ್‌ವೇರ್‌ನ ಸರ್ನರ್ ಕಂಪನಿಯ ಅಧ್ಯಕ್ಷರಾಗಿದ್ದವರು. ಹಣಕಾಸು ನೋಡುತ್ತಿದ್ದ ಲೀ ಶಪಿರೋ ಟುಲ್ಮನ್‌ರ ಹಳೆಯ ಜೊತೆಗಾರ. ಅಧ್ಯಕ್ಷೆ ಜೆನಿಫರ್ ಶ್ನೈಡರ್ ವೈದ್ಯೆ, ಜೊತೆಗೆ ಸ್ವತಃ ಟೈಪ್ 1 ಮಧುಮೇಹದೊಂದಿಗೆ ಬದುಕುತ್ತಿರುವವರು. ಇದಕ್ಕಿಂತ ಒಳ್ಳೆಯ ತಂಡ ಕಟ್ಟಿ ಎಂದರೆ ನನಗಂತೂ ಹೊಳೆಯುವುದಿಲ್ಲ.

2019ರ ಜುಲೈನಲ್ಲಿ ಷೇರಿಗೆ 28 ಡಾಲರ್‌ನಂತೆ ಕಂಪನಿ ಷೇರುಪೇಟೆಗೆ ಬಂತು. ಅದಾಗಿ ವರ್ಷ ಕಳೆದ ಸ್ವಲ್ಪದರಲ್ಲೇ, ಕೋವಿಡ್ ಕಾಲದ ಭರಾಟೆಯಲ್ಲಿ, ಫೋನ್, ವಿಡಿಯೊ ಮೂಲಕ ವೈದ್ಯರ ಸಲಹೆ ಕೊಡಿಸುವ ಟೆಲಾಡಾಕ್ ಎಂಬ ಕಂಪನಿ ಇದನ್ನು 1,850 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. 2020ರ ಅಕ್ಟೋಬರ್ ಕೊನೆಗೆ ವ್ಯವಹಾರ ಮುಗಿಯಿತು. ಅದರೊಂದಿಗೇ ಬರ್ಕ್, ಶ್ನೈಡರ್, ಶಪಿರೋ ಮೂವರೂ ಹೊರಟರು. ಮರುವರ್ಷ ಟುಲ್ಮನ್ ಟ್ರಾನ್ಸ್‌ಕೇರೆಂಟ್ ಎಂಬ ಹೊಸ ಕಂಪನಿಯ ಮುಖ್ಯಸ್ಥರಾದರು, ಬರ್ಕ್ ಕ್ವಾಂಟಮ್ ಹೆಲ್ತ್ ಸೇರಿದರು. 2022ರಲ್ಲಿ ಶ್ನೈಡರ್ ಹಳ್ಳಿಗಾಡಿನ ರೋಗಿಗಳಿಗಾಗಿ ಹೋಮ್‌ವರ್ಡ್ ಕಂಪನಿಯನ್ನು ಆರಂಭಿಸಿದರು. ಅದೇ 2022ರಲ್ಲಿ ಟೆಲಾಡಾಕ್, ಕೊಳ್ಳುವಾಗ ಕೊಟ್ಟ ಬೆಲೆಯ ಬಹುಪಾಲನ್ನು ಲೆಕ್ಕದಿಂದ ಅಳಿಸಿಹಾಕಿ, ಸುಮಾರು 1,370 ಕೋಟಿ ಡಾಲರ್ ನಷ್ಟ ತೋರಿಸಿತು. ಕೊಂಡ ಕಂಪನಿಯ ಸಿಇಒ ಜೇಸನ್ ಗೊರೆವಿಕ್ ಕೂಡ 2024ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು.

ಇಲ್ಲಿ ಯಾರೂ ಕಾನೂನು ಮುರಿದಿಲ್ಲ. ಕಂಪನಿ ಮಾರಿದ ಮೇಲೆ ಮೇಲಿನವರು ಹೋಗುವುದು ಆ ಊರಿನ ರೂಢಿ. ನಷ್ಟದ ಲೆಕ್ಕಕ್ಕೂ ಟೆಲಾಡಾಕ್‌ನ ಷೇರು ಬೆಲೆ ಕುಸಿದದ್ದೇ ದೊಡ್ಡ ಕಾರಣ. ಮೀಟರ್‌ಗಳು ಕೆಲಸ ಮಾಡುತ್ತಲೇ ಇದ್ದವು. ನನ್ನ ತಕರಾರು ಇಷ್ಟೇ. ಮೂವತ್ತೈದಕ್ಕೆ ಸಕ್ಕರೆ ಕಾಯಿಲೆ ಬಂದವರು ಅದರೊಂದಿಗೆ ನಲವತ್ತು ವರ್ಷ ಏಗಬೇಕು. ಕಣ್ಣು, ಕಿಡ್ನಿ, ಪಾದದ ನರ ಕೆಡುವುದು ನಿಧಾನಕ್ಕೆ, ತಪ್ಪಿತೋ ಇಲ್ಲವೋ ಎಂದು ತಿಳಿಯುವುದು ಇನ್ನೂ ನಿಧಾನಕ್ಕೆ. ಅದನ್ನು ನೋಡಿಕೊಳ್ಳುತ್ತೇವೆಂದು ಮಾತು ಕೊಟ್ಟವರ ಪ್ರತಿಫಲ ಮಾತ್ರ ಫಲ ತಿಳಿಯುವ ಮೊದಲೇ ಕೈಸೇರಿರುತ್ತದೆ.

ಹಾಗೆಂದು ಕುರ್ಚಿಯಲ್ಲಿ ಬಹಳ ಕಾಲ ಕೂತವರೆಲ್ಲ ಸಾಧಿಸಿಬಿಟ್ಟರು ಎಂದೇನೂ ಇಲ್ಲ. ಟೆನೆಸ್ಸಿಯ ಹೆಲ್ತ್‌ವೇಸ್ ಈ ಉದ್ಯಮದ ಹಿರಿಯಣ್ಣ. ಬೆನ್ ಲೀಡಲ್ ಅಲ್ಲಿ 2003ರಿಂದ 2015ರವರೆಗೆ ಸಿಇಒ ಆಗಿದ್ದರು. ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್, 2005ರಿಂದ ನಡೆಸಿದ ದೊಡ್ಡ ಪ್ರಯೋಗದಲ್ಲಿ ಹೆಲ್ತ್‌ವೇಸ್ ಸೇರಿದಂತೆ ಎಂಟು ಕಂಪನಿಗಳಿದ್ದವು. ನರ್ಸ್‌ಗಳು ಫೋನ್ ಮಾಡಿ ಮಧುಮೇಹ, ಹೃದಯ ವೈಫಲ್ಯದ ರೋಗಿಗಳಿಗೆ ತಿಳಿಹೇಳುವ ಕೆಲಸ. ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು: ಫೋನ್ ಹೋದವರು, ಹೋಗದವರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಸ್ಪತ್ರೆ ಸೇರುವುದಾಗಲಿ, ತುರ್ತು ವಿಭಾಗಕ್ಕೆ ಓಡುವುದಾಗಲಿ ಕಡಿಮೆಯಾಗಿರಲಿಲ್ಲ. ಕಂಪನಿಗಳಿಗೆ ಕೊಟ್ಟ ಶುಲ್ಕದಷ್ಟೂ ಉಳಿತಾಯ ಹುಟ್ಟಲಿಲ್ಲ. 2016ರಲ್ಲಿ ಹೆಲ್ತ್‌ವೇಸ್ ಈ ವಿಭಾಗವನ್ನೇ ಶೇರ್‌ಕೇರ್ ಎಂಬ ಕಂಪನಿಗೆ ಬಿಟ್ಟುಕೊಟ್ಟು, ಮುಂದೆ ಟಿವಿಟಿ ಹೆಲ್ತ್ ಎಂದು ಹೆಸರು ಬದಲಿಸಿಕೊಂಡಿತು.

ಆ ಪ್ರಯೋಗಕ್ಕೆ ಮುಂಚೆ ಕಂಪನಿಗಳ ಬಳಿ ಉಳಿತಾಯದ ಚಂದದ ಲೆಕ್ಕಗಳಿದ್ದವಲ್ಲ, ಅವು ಎಲ್ಲಿಂದ ಬಂದವು? ಬಹಳ ಸುಲಭ. ಈ ವರ್ಷ ಆಸ್ಪತ್ರೆ ಸೇರಿ ಹೈರಾಣಾದವರನ್ನೇ ಆರಿಸಿ ಪಟ್ಟಿ ಮಾಡಿ. ಮುಂದಿನ ವರ್ಷ ಅವರಲ್ಲಿ ಹಲವರು, ನೀವು ಫೋನ್ ಮಾಡಲಿ ಬಿಡಲಿ, ಹೇಗೂ ಸ್ವಲ್ಪ ಚೇತರಿಸಿಕೊಂಡಿರುತ್ತಾರೆ. ಜ್ವರ ತಾನಾಗಿ ಇಳಿದ ದಿನವೇ ತಾಯತ ಕಟ್ಟಿಸಿಕೊಂಡವನು ತಾಯತಕ್ಕೆ ಕೈಮುಗಿದಂತೆ. ಹೋಲಿಸಿ ನೋಡಲು ಫೋನ್ ಹೋಗದ ಗುಂಪೊಂದು ಇದ್ದಾಗಲೇ ಬಣ್ಣ ಬಯಲಾಗುವುದು. ಲಿವಾಂಗೋ ಮಾದರಿಯ ಉಪಕರಣಗಳ ಮೇಲೂ 2024ರಲ್ಲಿ, ಆರೋಗ್ಯ ತಂತ್ರಜ್ಞಾನವನ್ನು ಒರೆಗೆ ಹಚ್ಚುವ ಅಮೆರಿಕದ ಪೀಟರ್ಸನ್ ಸಂಸ್ಥೆಯ ಮೌಲ್ಯಮಾಪನ ಬಂತು: ಹೆಚ್ಚಿನವುಗಳಿಂದ ಮೂರು ತಿಂಗಳ ಸರಾಸರಿ ಸಕ್ಕರೆ ಮಾಮೂಲಿ ಚಿಕಿತ್ಸೆಗಿಂತ ಅಲ್ಪಸ್ವಲ್ಪ ಮಾತ್ರ ಇಳಿಯುತ್ತದೆ, ಖರ್ಚು ಮಾತ್ರ ಏರುತ್ತದೆ ಎಂದು.

ಹಾಗಾಗಿ ಆ ಪರಿಚಿತರಿಗೆ ನಾನು ಹೇಳಿದ್ದು: ಸಿಇಒ ಎಲ್ಲಿ ಓದಿದರು ಎಂಬುದನ್ನು ಬಿಡಿ. ವೈದ್ಯಕೀಯ ಮುಖ್ಯಸ್ಥರು ಯಾರೆಂದು ನೋಡಿ. "ಈ ತಿಂಗಳ ಜಾಹೀರಾತಿನಲ್ಲಿ ಹಾಕಿರುವ ಅಂಕಿಗೆ ಆಧಾರವಿಲ್ಲ, ತೆಗೆಯಿರಿ" ಎನ್ನುವ ಅಧಿಕಾರ ಅವರಿಗಿದೆಯೇ, ಅಥವಾ ಮಾರಾಟದ ಮುಖ್ಯಸ್ಥರ ಮಾತೇ ಕೊನೆಯೇ ಎಂದು ಕೆಲಸಕ್ಕೆ ಸೇರುವ ಮೊದಲೇ ಕೇಳಿ. ಫಲಿತಾಂಶ ಅಳೆಯುವವರು ಕಂಪನಿಯ ಹೊರಗಿನವರೇ ಎಂದೂ ಕೇಳಿ. ಇನ್ನು ಹೂಡಿಕೆದಾರರಿಗೆ ನನ್ನ ಬಿಟ್ಟಿ ಸಲಹೆ ಒಂದಿದೆ: ಮೇಲಿನವರ ಷೇರುಗಳಲ್ಲಿ ಒಂದು ಪಾಲನ್ನು, ಅವರು ಹುದ್ದೆ ಬಿಟ್ಟರೂ ಸರಿ, ಕಂಪನಿ ಕೈಬದಲಿಸಿದರೂ ಸರಿ, ಐದು ವರ್ಷ ತಡೆಹಿಡಿಯಿರಿ. ಅಷ್ಟರಲ್ಲಿ ರೋಗಿಗಳ ಸ್ಥಿತಿ ಏನಾಯಿತೆಂದು ಹೊರಗಿನವರು ಅಳೆದ ಮೇಲೆ ಬಿಡುಗಡೆ ಮಾಡಿ. ಯಾರೂ ಕೇಳುವುದಿಲ್ಲ ಎಂದು ಗೊತ್ತಿದೆ, ಆದರೂ ಹೇಳುತ್ತೇನೆ.

ಸ್ನೇಹಿತರ ಪಟ್ಟಿಯಲ್ಲಿ ಇಂಥ ಕಂಪನಿಗಳಲ್ಲಿ ದುಡಿಯುವವರು ಕೆಲವರಿದ್ದೀರಿ. ನಿಮ್ಮಲ್ಲಿ ವೈದ್ಯಕೀಯ ಮುಖ್ಯಸ್ಥರು ಯಾವುದಾದರೂ ಪ್ರಚಾರವನ್ನು ತಡೆದದ್ದು ಉಂಟೇ? ಕಂಪನಿಯ ಹೆಸರು ಬೇಡ, ನಡೆದದ್ದನ್ನು ಬರೆಯಿರಿ.